ಚಿಕ್ಕಕ್ಕನ ಇಳಿಜಾರಿನಲ್ಲಿ ಏಳು ಕುಡಿಕೆ

ಆ ಊರಿನ ಆಕಾಶದಲ್ಲಿ ಇಬ್ಬರು ಸೂರ್ಯರಿದ್ದರು. ಒಬ್ಬನ ಬಿಸಿಲಿಗೇ ಕೊಡೆ ಹುಡುಕುವ ನಮಗೆ ಇದು ಅತಿಯಾಯಿತು ಅನ್ನಿಸಬಹುದು. ಆದರೆ ಅಲ್ಲಿಯವರಿಗೆ ಯಾರಾದರೂ ನಮ್ಮ ಒಂಟಿ ಸೂರ್ಯನ ಸಂಗತಿ ಹೇಳಿದ್ದರೆ, ಅಯ್ಯೋ ಪಾಪ, ಅವನ ಜೊತೆ ಮಾತಾಡಲು ಯಾರಿದ್ದಾರೆ ಎಂದು ಕೇಳುತ್ತಿದ್ದರು. ಅವರು ತಮ್ಮ ಸೂರ್ಯರನ್ನು ಸೂರ್ಯ ಎಂದು ಕರೆಯುತ್ತಲೇ ಇರಲಿಲ್ಲ. ಹಳದಿಯಾಗಿ ಧಗಧಗ ಉರಿಯುವವಳು ದೊಡ್ಡಕ್ಕ. ಕೆಂಡದ ಬಣ್ಣದ ಸಣ್ಣವಳು ಚಿಕ್ಕಕ್ಕ. ಹುಡುಗಿಯರು ಕೈಕೈ ಹಿಡಿದು ಫುಗಡಿ ಆಡುವ ಹಾಗೆ ಇಬ್ಬರೂ ಒಬ್ಬರನ್ನೊಬ್ಬರು ಸುತ್ತುತ್ತಿದ್ದರು. ಊರಿದ್ದ ನೆಲ ಆ ಇಬ್ಬರನ್ನೂ ಸುತ್ತುತ್ತಿತ್ತು. ತೀರ ಹತ್ತಿರ ಹೋದರೆ ಆಟದ ರಭಸಕ್ಕೆ ಸಿಕ್ಕಿ ಎತ್ತಲೋ ಸಿಡಿದುಹೋಗುವ ಭಯ, ತೀರ ದೂರ ನಿಂತರೆ ಚಳಿ. ಹಾಗಾಗಿ ನಡುವೆ ಒಂದು ಜಾಗ ನೋಡಿಕೊಂಡು ನೆಲ ತನ್ನ ಪಾಡಿಗೆ ತಾನು ತಿರುಗುತ್ತಿತ್ತು.

ಅಕ್ಕಂದಿರ ಒಂದು ಸುತ್ತಿಗೆ ಏಳು ದಿನ. ಇಬ್ಬರೂ ಬಿಡಿಬಿಡಿಯಾಗಿ ನಿಂತ ದಿನ ಪ್ರತಿಯೊಬ್ಬರಿಗೂ ಎರಡೆರಡು ನೆರಳು, ಮೈತುಂಬ ಬೆವರು. ಏಳನೆಯ ದಿನ ಚಿಕ್ಕಕ್ಕ ಬಂದು ದೊಡ್ಡಕ್ಕನ ಮುಂದೆ ನಿಂತುಬಿಡುವಳು. ಆಗ ನೆರಳು ಒಂದೇ, ಗಾಳಿಯೂ ತಣ್ಣಗೆ. ಅದನ್ನು ಮರೆಯ ದಿನ ಎನ್ನುತ್ತಿದ್ದರು. ಹೀಗೆ ಒಂದೊಂದು ದಿನಕ್ಕೆ ಒಂದೊಂದು ಹದವಿರುವ ನೆಲದಲ್ಲಿ ಮನುಷ್ಯ ಎಲ್ಲಿ ಬೇಕೆಂದರಲ್ಲಿ ಮನೆ ಕಟ್ಟಿಕೊಂಡು ಕೂರಲು ಆಗುತ್ತದೆಯೇ? ಅದಕ್ಕೇ ಆ ಊರಿನಲ್ಲಿ ಒಂದು ಕಟ್ಟಳೆಯಿತ್ತು. ಎಲ್ಲಿ ಹಾಲು ಹೆಪ್ಪಾಗುತ್ತದೋ ಅಲ್ಲಿ ಮನೆ. ಎಲ್ಲಿ ಆಗುವುದಿಲ್ಲವೋ ಅಲ್ಲಿ ಮನೆಯಿಲ್ಲ, ಮದುವೆಯಿಲ್ಲ, ತೊಟ್ಟಿಲಿಲ್ಲ.

ಅದನ್ನು ನೋಡಿ ಹೇಳುವವಳು ಹೆಪ್ಪಿನವಳು. ಅವಳ ಅಡುಗೆಮನೆಯ ಮೂಲೆಯಲ್ಲಿ ಒಂದು ಹಳೆಯ ಗಡಿಗೆಯಿತ್ತು. ಅದರ ಮೊಸರು ಅವಳ ಅಜ್ಜಿಯ ಅಜ್ಜಿಯ ಕಾಲದಿಂದ ಒಂದು ದಿನವೂ ತಪ್ಪದೆ ನಿನ್ನೆಯದರಿಂದ ಇವತ್ತಿನದಾಗಿ, ಇವತ್ತಿನದರಿಂದ ನಾಳೆಯದಾಗಿ ಬಂದಿತ್ತು. ಯಾರಾದರೂ ಹೊಸ ಜಾಗ ಕೇಳಿದರೆ ಅವಳು ಮಣ್ಣಿನ ಕುಡಿಕೆಯೊಂದನ್ನು ತೊಳೆದು, ಬೆರಳು ತಾಳುವಷ್ಟು ಬಿಸಿಯಾದ ಹಾಲು ಹೊಯ್ದು, ಹುಣಸೆಬೀಜದಷ್ಟು ಹೆಪ್ಪು ಹಾಕಿ, ಮೂರು ಕಲ್ಲಿನ ನಡುವೆ ಇಟ್ಟು ಎಲೆ ಮುಚ್ಚುವಳು. ಆಮೇಲೆ ಹತ್ತು ಹೆಜ್ಜೆ ಆಚೆ ಬಂದು, ಕುಡಿಕೆಗೆ ಬೆನ್ನು ಮಾಡಿ ಕೂತು, "ಇರೋದಾದ್ರೆ ಇರು, ಇಲ್ಲದಿದ್ರೆ ಹೇಳು" ಎನ್ನುವಳು. ಬೆಳಗಿನ ಊಟದಿಂದ ಸಂಜೆಯ ಊಟದವರೆಗೆ ಕುಡಿಕೆಯನ್ನು ಯಾರೂ ಮುಟ್ಟಬಾರದು. ಸಂಜೆ ಎಲೆ ತೆಗೆದು ನೋಡುವಳು. ಹೆಪ್ಪಾಯ್ತು, ಹುಳಿಯಾಯ್ತು, ಹಾಲಾಗೇ ಉಳೀತು. ಈ ಮೂರು ಮಾತು ಬಿಟ್ಟು ನಾಲ್ಕನೆಯದಿಲ್ಲ. ಏಳು ದಿನ ಏಳು ಕುಡಿಕೆ. ಏಳೂ ಹೆಪ್ಪಾದರೆ ಕಟ್ಟೆಯ ಯಜಮಾನರು ಮನೆಗೆ ಒಪ್ಪಿಗೆ ಕೊಡುವರು.

ಮೂವತ್ತು ವರ್ಷ ಅವಳು ಹೀಗೆ ಬೆನ್ನು ಮಾಡಿ ಕೂತಿದ್ದಳು. ಊರಿನಲ್ಲಿ ಅವಳ ಮಾತಿಗೆ ಎದುರು ಮಾತಿರಲಿಲ್ಲ. ಮನೆಯಲ್ಲಿ ಮಾತ್ರ ಇತ್ತು, ಯಾಕೆಂದರೆ ಅವಳ ಗಂಡ ಹಾಲಿನವನು. "ಹಾಲು ನಂದು, ಹೆಸರು ನಿಂದು" ಎಂದು ಅವನು ಹಸು ಕರೆಯುತ್ತ ಕೂತಲ್ಲಿಂದಲೇ ಕೆಣಕುವನು. ಅವಳೂ ಬಿಡುವವಳಲ್ಲ. "ನಿಮ್ಮ ಹಾಲು ನಾನು ಹೆಪ್ಪು ಹಾಕೋ ಮುಂಚೆ ಬರೀ ಹಾಲು ಕಣ್ರೀ" ಎನ್ನುವಳು. ಈ ಇಬ್ಬರ ನಡುವೆ ಒಬ್ಬಳೇ ಮಗಳು. ಹುಟ್ಟಿದ ದಿನದಿಂದ ಹೊದಿಕೆ ಒದ್ದು ಮಲಗಿದವಳು. ಬಿಸಿಲೆಂದರೆ ಮುಖ ಸಿಂಡರಿಸುವಳು, ಮರೆಯ ದಿನ ಬಂದರೆ ಅಂಗಳದಲ್ಲಿ ಕುಣಿಯುವಳು. ಹೆಪ್ಪಿನವಳು ಈ ಮಗಳನ್ನು ಎಷ್ಟು ಹಚ್ಚಿಕೊಂಡಿದ್ದಳೆಂದರೆ, ಅವಳು ಬಾವಿಗೆ ಹೋಗಿ ಬರುವುದು ತಡವಾದರೂ ಎರಡು ಸಲ ಹೊಸ್ತಿಲಿಗೆ ಬಂದು ನೋಡುತ್ತಿದ್ದಳು.

ಒಂದು ದಿನ ಗುಡ್ಡದಾಚೆಯಿಂದ ಇಬ್ಬರು ನಡೆದು ಬಂದರು. ಒಬ್ಬ ಕಂಬಳಿ ನೇಯುವವನು, ಇನ್ನೊಬ್ಬಳು ಅವನ ತಾಯಿ. ಅವರ ಊರಿನಲ್ಲಿ ಕಾಣುತ್ತಿದ್ದವಳು ಚಿಕ್ಕಕ್ಕ ಒಬ್ಬಳೇ. ವರ್ಷವೆಲ್ಲ ಮಂಜಿನ ನೆಲ, ತಣ್ಣನೆಯ ಕೆಂಪು ಬೆಳಕು. ಈಚೆಗೆ ದೊಡ್ಡಕ್ಕ ಅಲ್ಲಿಗೂ ಮುಖ ತಿರುಗಿಸಿದ್ದಳು. ಮಂಜು ಕರಗಿ ಮನೆಗಳ ಕೆಳಗಿನ ನೆಲವೇ ಹರಿದುಹೋಗಿತ್ತು. ಹಾಲಿನವನು ಅವರನ್ನು ಹಟ್ಟಿಯ ಪಕ್ಕದ ಜಗಲಿಯಲ್ಲಿ ಉಳಿಸಿಕೊಂಡ. ಕಂಬಳಿಯವನ ಕೈ ಚುರುಕು, ಮಾತು ಮೆಲ್ಲಗೆ. ಆದರೆ ಊರಿನ ಬಿಸಿಲು ಅವನ ಮೈಗೆ ಆಗಲಿಲ್ಲ. ಎರಡು ನೆರಳಿನ ದಿನ ಬಂತೆಂದರೆ ಮೈಯೆಲ್ಲ ಬೊಕ್ಕೆಯೆದ್ದು ಮಗ್ಗದ ಮೇಲೆಯೇ ತಲೆಯಿಟ್ಟು ಒರಗುವನು. ಮಗಳು ಒದ್ದೆ ಬಟ್ಟೆ ತಂದು ಅವನ ಹಣೆಗೆ ಹಾಕುವಳು. ಒದ್ದೆ ಬಟ್ಟೆ ಹಾಕುತ್ತ ಹಾಕುತ್ತ ಮನಸ್ಸೂ ಕೊಟ್ಟಳು.

ಊರಿನ ಉತ್ತರಕ್ಕೆ ಒಂದು ಇಳಿಜಾರಿತ್ತು. ಗುಡ್ಡ ಅಡ್ಡವಾಗಿ ದೊಡ್ಡಕ್ಕ ಅಲ್ಲಿಗೆ ಹೊರಳಿ ನೋಡುವುದೇ ಅಪರೂಪ. ಚಿಕ್ಕಕ್ಕನ ಬೆಳಕೇ ಅಲ್ಲಿ ಹೆಚ್ಚು. ಅಲ್ಲಿ ಹುಲ್ಲೂ ಕೆಂಪಗೆ ಬೆಳೆಯುತ್ತಿತ್ತು. ಕಂಬಳಿಯವನು ಒಮ್ಮೆ ಬುತ್ತಿ ಕಟ್ಟಿಕೊಂಡು ಅಲ್ಲಿಗೆ ಹೋದವನು, ಈ ಊರಿಗೆ ಬಂದ ಮೇಲೆ ಮೊದಲ ಬಾರಿಗೆ ಹೊಟ್ಟೆತುಂಬ ಉಂಡು ಬಂದ.

ಮಗಳು ತಾಯಿಯ ಮುಂದೆ ಕೂತು ನೇರವಾಗಿ ಹೇಳಿದಳು. "ಅಮ್ಮ, ಅವರು ಇಳಿಜಾರು ಕೇಳ್ತಾರೆ. ಸಿಕ್ಕರೆ ನಾನೂ ಅಲ್ಲಿಗೆ ಹೋಗ್ತೀನಿ."

"ಸಿಗದಿದ್ರೆ?"

"ಸಿಗದಿದ್ರೆ ಅವರು ಇನ್ನೂ ಮುಂದಕ್ಕೆ ಹೋಗಬೇಕು. ಇಲ್ಲಿದ್ರೆ ಅವರು ಬದುಕಲ್ಲ." ಮಗಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ನಾನು ಹೋಗಲ್ಲ. ಹೆಪ್ಪಾಗದ ಕಡೆ ನಾನು ಹ್ಯಾಗೆ ಹೋಗ್ಲಿ? ನಿನ್ನ ಮಗಳು ಅಲ್ವಾ ನಾನು."

ಹೆಪ್ಪಿನವಳಿಗೆ ಆ ಮಾತು ಕೇಳಿ ಜೀವ ಬಂದ ಹಾಗಾಯಿತು. ಇಳಿಜಾರಿನ ತಣ್ಣನೆಯ ಗಾಳಿ ಅವಳಿಗೆ ಗೊತ್ತಿತ್ತು. ಅಲ್ಲಿ ಹಾಲು ಹಾಲಾಗಿಯೇ ಉಳಿಯುತ್ತದೆ. ಮಗಳು ಸ್ವಲ್ಪ ದಿನ ಅಳುತ್ತಾಳೆ, ಆಮೇಲೆ ಎರಡು ಬೀದಿಯಾಚೆ ಯಾರನ್ನಾದರೂ ಮದುವೆಯಾಗುತ್ತಾಳೆ, ಬಾವಿಗೆ ಬಂದಾಗೆಲ್ಲ ಕಾಣುತ್ತಾಳೆ. ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೆ ಅವಳಿಗೆ ನಾಚಿಕೆಯಾಯಿತು. ನಾಚಿಕೆಯಾದರೂ ಸಂತೋಷ ಹೋಗಲಿಲ್ಲ.

ಮೊದಲ ದಿನ ಕುಡಿಕೆಯಿಟ್ಟಳು. ಸಂಜೆ ಎಲೆ ತೆಗೆದಳು. ಹಾಲಾಗೇ ಉಳೀತು. ಎರಡನೆಯ ದಿನ ಊರಿನಲ್ಲಿ ಎರಡು ನೆರಳು ಚಾಚಿಕೊಂಡವು. ಬೆನ್ನು ಮಾಡಿ ಕೂತಳು, ಹೇಳುವುದನ್ನು ಹೇಳಿದಳು. ಹಾಲಾಗೇ ಉಳೀತು. ಮೂರು, ನಾಲ್ಕು, ಐದು. ಪ್ರತಿ ಸಂಜೆ ಮಗಳು ಬಾಗಿಲಲ್ಲಿ ನಿಂತು ತಾಯಿಯ ಮುಖ ನೋಡುವಳು, ಏನೂ ಕೇಳದೆ ಒಳಗೆ ಹೋಗಿ ರೊಟ್ಟಿ ತಟ್ಟುವಳು. ರೊಟ್ಟಿ ಒಂದೂ ದುಂಡಗೆ ಬರುತ್ತಿರಲಿಲ್ಲ. ಹಾಲಿನವನು ಅವನ್ನು ಸದ್ದಿಲ್ಲದೆ ತಿನ್ನುವನು, ಹೆಂಡತಿಯನ್ನು ಕೆಣಕುವುದನ್ನೂ ಬಿಟ್ಟಿದ್ದ.

ಆರನೆಯ ದಿನ ಹೆಪ್ಪಿನವಳು ಇಳಿಜಾರಿನಲ್ಲಿ ಕೂತಿದ್ದಾಗ ಕಂಬಳಿಯವನ ತಾಯಿ ಬುತ್ತಿ ಹಿಡಿದು ಬಂದಳು. ತುಸು ದೂರದ ಬಂಡೆಯ ಬುಡಕ್ಕೆ ಹೋಗಿ, ಕೈಹಾಕಿ ಒಂದು ಚಿಕ್ಕ ಮಡಕೆ ತೆಗೆದು, ಅನ್ನಕ್ಕೆ ಬಗ್ಗಿಸಿ ಕಲಸತೊಡಗಿದಳು. ಬಿದ್ದದ್ದು ಬೆಳ್ಳಗಿತ್ತು, ಗಟ್ಟಿಯಾಗಿತ್ತು, ಬಗ್ಗಿಸಿದಾಗ ಲೋಳೆಯ ಹಾಗೆ ಎಳೆಯೆಳೆಯಾಗಿ ಇಳಿಯಿತು.

"ಅಜ್ಜಿ, ಅದೇನು?"

"ಮೊಸರು, ತಾಯಿ."

"ಎಲ್ಲಿಂದ ತಂದ್ರಿ?"

"ತರೋದೆಲ್ಲಿಂದ? ಇಲ್ಲೇ ಆಯ್ತು. ದಿನಾ ಆಗ್ತಿದೆ. ಇವತ್ತಿಗೆ ಆರು." ಅಜ್ಜಿ ಮಡಿಲಿನಿಂದ ಒಂದು ಉಣ್ಣೆಯ ಪಟ್ಟಿ ತೆಗೆದು ತೋರಿಸಿದಳು. ಒಣಗಿ ಬಿರುಸಾಗಿದ್ದ ಪಟ್ಟಿ. "ಮನೆ ಕೊಚ್ಚಿಹೋಗೋವಾಗ ಎಲ್ರೂ ಪಾತ್ರೆ ಹಿಡ್ಕೊಂಡು ಓಡಿದ್ರು. ನಾನು ಇದನ್ನ ಮೊಸರಲ್ಲಿ ಅದ್ದಿ ಒಣಗಿಸಿ ಎದೆಗಿಟ್ಕೊಂಡೆ. ನಮ್ಮೂರ ಹೆಪ್ಪು ಇದು. ಒಂದು ಎಳೆ ಕಿತ್ತು ಹಾಲಿಗೆ ಹಾಕಿದ್ರೆ ಸಾಕು."

ಹೆಪ್ಪಿನವಳು ಎದ್ದು ಬಂದು ಬೆರಳಿನಿಂದ ತೆಗೆದು ನಾಲಿಗೆಗೆ ಇಟ್ಟುಕೊಂಡಳು. ಹುಳಿ ಕಡಿಮೆ. ಜಾರುತ್ತದೆ. ಆದರೆ ಮೊಸರು. ಮೂವತ್ತು ವರ್ಷದ ನಾಲಿಗೆಗೆ ಅದರಲ್ಲಿ ಸಂಶಯವಿರಲಿಲ್ಲ.

"ನಿಮ್ಮನೆ ಜಗಲಿಯಲ್ಲೂ ಇಟ್ಟು ನೋಡಿದ್ದೆ, ಬಂದ ಮೊದಲ ದಿನವೇ" ಎಂದಳು ಅಜ್ಜಿ ತುತ್ತು ನುಂಗುತ್ತ. "ಮೂರು ಸಲ ಇಟ್ಟೆ, ಮೂರು ಸಲವೂ ಕೆಟ್ಟು ನೀರಾಯ್ತು. ಬೇಜಾರು ಮಾಡ್ಕೋಬೇಡಿ, ನಿಮ್ಮ ಹಸುವಿಗೆ ಸುರಿದುಬಿಟ್ಟೆ. ಮಗನಿಗೆ ಹೇಳಿದೆ, ಈ ಊರಲ್ಲಿ ಮನುಷ್ಯರು ಇರೋಕಾಗಲ್ಲ ಕಣಪ್ಪ, ಹೆಪ್ಪು ನಿಲ್ಲಲ್ಲ ಇಲ್ಲಿ ಅಂತ. ಅವನು ನಕ್ಕ. ಅಮ್ಮ, ಇಷ್ಟು ಜನ ಇದ್ದಾರಲ್ಲ, ಅದೂ ಇಷ್ಟು ದಪ್ಪಗೆ, ಅಂದ."

ಹೆಪ್ಪಿನವಳಿಗೆ ನಗು ಬಂತು. ನಗು ಅರ್ಧಕ್ಕೇ ನಿಂತಿತು. ಅವಳು ತನ್ನ ಕುಡಿಕೆಯ ಕಡೆ ತಿರುಗಿ ನೋಡಿದಳು. ಸಂಜೆಗೆ ಮೊದಲು ತಿರುಗಬಾರದು ಎಂಬುದು ನೆನಪಾದದ್ದು ನೋಡಿದ ಮೇಲೆ. ಆ ಕುಡಿಕೆಯಲ್ಲಿದ್ದ ಹೆಪ್ಪು ಅವಳ ಅಡುಗೆಮನೆ ಬಿಟ್ಟು ಬೇರೆ ಕಂಡಿರಲಿಲ್ಲ. ತಲೆತಲಾಂತರದಿಂದ ಒಂದೇ ಮೂಲೆಯ ಕಾವು, ಒಂದೇ ಹಟ್ಟಿಯ ಹಾಲು. ಅದನ್ನು ತಂದು ಇಲ್ಲಿಟ್ಟು ಏಳು ದಿನ ಬೆನ್ನು ಮಾಡಿ ಕೂತರೆ ಅದು ಇನ್ನೇನು ಹೇಳೀತು?

"ನಾವಾಗಿ ಇಲ್ಲಿ ಕೂರಲ್ಲ, ಹೆದರಬೇಡಿ" ಎಂದಳು ಅಜ್ಜಿ. "ನಿಮ್ಮನೆ ಉಪ್ಪು ತಿಂದಿದೀವಿ. ನಿಮ್ಮ ಶಾಸ್ತ್ರ ಬೇಡ ಅಂದ್ರೆ ನಾಡಿದ್ದು ಹೊರಡ್ತೀವಿ."

ಆ ಸಂಜೆ ಊಟಕ್ಕೆ ಕೂತಾಗ ಹೆಪ್ಪಿನವಳು ಗಂಡನಿಗೆ ಎಲ್ಲವನ್ನೂ ಹೇಳಿದಳು. ಮಗಳು ಹಟ್ಟಿಯಲ್ಲಿದ್ದಳು.

"ನಾನು ಸುಳ್ಳು ಹೇಳಬೇಕಾಗಿಯೇ ಇಲ್ಲ ಕಣ್ರೀ. ನಮ್ಮ ಹೆಪ್ಪು ಅಲ್ಲಿ ಆಗಲಿಲ್ಲ, ಅದು ನಿಜವೇ. ಸುಮ್ಮನಿದ್ರೆ ಸಾಕು. ಮಗಳು ನಮ್ಮ ಕಣ್ಣ ಮುಂದೆ ಇರ್ತಾಳೆ."

ಹಾಲಿನವನು ತಟ್ಟೆಯಲ್ಲಿ ಬೆರಳಾಡಿಸಿದ. "ನೀನು ಸುಮ್ಮನಿದ್ದದ್ದನ್ನ ನಾನು ಮದುವೆಯಾದಾಗಿನಿಂದ ಕಂಡಿಲ್ಲ" ಎಂದ. ಆಮೇಲೆ ತಟ್ಟೆ ಸರಿಸಿ, "ನನಗೂ ಅವಳು ಇಲ್ಲೇ ಇರಬೇಕು ಕಣೇ. ಅದಕ್ಕೇ ನನ್ನ ಕೇಳಬೇಡ" ಎಂದು ಎದ್ದು ಕೈತೊಳೆಯಲು ಹೋದ. ಕೈತೊಳೆಯಲು ಅವನಿಗೆ ಯಾವತ್ತೂ ಅಷ್ಟು ಹೊತ್ತು ಹಿಡಿದಿರಲಿಲ್ಲ.

ಏಳನೆಯ ದಿನ ಮರೆಯ ದಿನ. ಚಿಕ್ಕಕ್ಕ ದೊಡ್ಡಕ್ಕನ ಮುಂದೆ ಬಂದು ನಿಂತಳು. ನೆರಳು ಒಂದಾಯಿತು, ಇಳಿಜಾರಿನ ಕೆಂಪು ಹುಲ್ಲು ಕಪ್ಪಗಾಯಿತು. ಏಳು ದಿನಗಳಲ್ಲಿ ಅದೇ ಅತ್ಯಂತ ಚಳಿಯ ದಿನ. ಹೆಪ್ಪಿನವಳು ಎರಡು ಕುಡಿಕೆ ತಂದಿದ್ದಳು. ಒಂದಕ್ಕೆ ತನ್ನ ಗಡಿಗೆಯ ಹೆಪ್ಪು, ಇನ್ನೊಂದಕ್ಕೆ ಅಜ್ಜಿಯ ಪಟ್ಟಿಯಿಂದ ಕಿತ್ತ ಒಂದು ಎಳೆ. ಎರಡನ್ನೂ ಮೂರು ಮೂರು ಕಲ್ಲಿನ ನಡುವೆ ಇಟ್ಟು, ಎಲೆ ಮುಚ್ಚಿ, ಹತ್ತು ಹೆಜ್ಜೆ ಆಚೆ ಹೋಗಿ, ಬೆನ್ನು ಮಾಡಿ ಕೂತಳು. ಹೇಳಬೇಕಾದ ಮಾತು ಹೇಳಲು ಬಾಯಿ ತೆರೆದಳು. "ಇರೋದಾದ್ರೆ ಇರು" ಎನ್ನಲು ನಾಲಿಗೆ ಬರಲಿಲ್ಲ. ಆಗದಿರಲಿ, ಇವತ್ತು ಒಂದು ದಿನ ಆಗದಿರಲಿ ಎಂದು ಮನಸ್ಸು ಬೇಡಿಕೊಳ್ಳುತ್ತಿತ್ತು. ಆರು ಆಗಿ ಏಳನೆಯದು ತಪ್ಪಿದರೆ ಯಾರ ತಪ್ಪೂ ಇರುವುದಿಲ್ಲ, ಅವಳದ್ದಂತೂ ಇರುವುದಿಲ್ಲ. ಸೆರಗು ಹೊದ್ದು, ಹಲ್ಲು ಕಟಕಟಿಸುತ್ತ, ಸಂಜೆಯವರೆಗೂ ಅವಳು ಅದನ್ನೇ ಬೇಡಿದಳು. ಕುಡಿಕೆಯನ್ನು ಮಾತ್ರ ಮುಟ್ಟಲಿಲ್ಲ.

ಸಂಜೆ ಎಲೆ ತೆಗೆದಳು. ತನ್ನದು ಹಾಲಾಗೇ ಉಳಿದಿತ್ತು. ಅಜ್ಜಿಯದಕ್ಕೆ ಸೌಟು ಹಾಕಿದಳು. ಸೌಟು ನಿಂತಿತು. ಅವಳು ಅಲ್ಲೇ ಕೂತು ಅತ್ತಳು.

ಅತ್ತು ಮುಗಿದ ಮೇಲೆ ಎರಡೂ ಕುಡಿಕೆಗಳನ್ನು ಎರಡು ಕೈಯಲ್ಲಿ ಹಿಡಿದು ನೇರ ಕಟ್ಟೆಗೆ ಹೋದಳು. ಊರು ಸೇರಿತ್ತು. ಅಜ್ಜಿ, ಕಂಬಳಿಯವನು ಒಂದು ಬದಿಗೆ, ಮಗಳು ಕಂಬದ ಹಿಂದೆ, ಹಾಲಿನವನು ಮಗಳ ಹಿಂದೆ. ಕಟ್ಟೆಯ ಯಜಮಾನರು ಕೇಳಿದರು.

"ಏನಮ್ಮ, ಏನಾಯ್ತು?"

"ಹೆಪ್ಪಾಯ್ತು, ಯಜಮಾನ್ರೇ. ಏಳೂ ಹೆಪ್ಪಾಯ್ತು."

ಯಜಮಾನರು ಎರಡು ಕುಡಿಕೆಯಲ್ಲೂ ಇಣುಕಿದರು. "ಇದು ಹಾಲು."

"ಅದು ನಮ್ಮನೆ ಹೆಪ್ಪು. ಆಗಿರೋದು ಈ ಅಜ್ಜೀದು."

"ಹೊರಗಿನವರ ಹೆಪ್ಪು ಹಾಕಿದ್ರೆ ಅದು ಯಾವ ಶಾಸ್ತ್ರ?"

"ಹೆಪ್ಪಾದಲ್ಲಿ ಮನೆ ಅಂತ ಕಟ್ಟಳೆ. ಯಾರ ಹೆಪ್ಪು ಅಂತ ಅದರಲ್ಲಿ ಎಲ್ಲಿದೆ? ನಮ್ಮದೇ ಅಂತ ನಾವು ಅಂದ್ಕೊಂಡಿದ್ವಿ, ಅಷ್ಟೇ. ಅವರ ಹೆಪ್ಪು ನಮ್ಮನೇಲಿ ಮೂರು ಸಲ ಕೆಟ್ಟಿದೆ, ಯಜಮಾನ್ರೇ. ಅವರ ಲೆಕ್ಕದಲ್ಲಿ ನಾವು ಯಾರೂ ಇಲ್ಲಿ ಬದುಕೋ ಹಾಗಿಲ್ಲ."

ಜನ ನಕ್ಕರು. ಯಜಮಾನರು ನಗಲಿಲ್ಲ. ಅವರು ಕೆಟ್ಟವರಲ್ಲ, ಯೋಚನೆ ಮಾಡುವವರು. ಯೋಚನೆ ಮಾಡಿಯೇ ನೋಯುವ ಕಡೆಗೆ ಕೈಹಾಕಿದರು. "ಹಾಗಾದ್ರೆ ಮೂವತ್ತು ವರ್ಷದಿಂದ ನೀನು ಬೇಡ ಅಂದ ಜಾಗಗಳು? ಆ ಬೋಳುಗುಡ್ಡ ಕೇಳಿದ ಕುಂಬಾರರು, ಬಿಸಿ ಮರಳು ಕೇಳಿದ ಆ ಗಂಡಹೆಂಡಿರು? ಅವರನ್ನೆಲ್ಲ ಕಳಿಸಿಬಿಟ್ಟೆವಲ್ಲ?"

ಹೆಪ್ಪಿನವಳು ಕುಡಿಕೆಗಳನ್ನು ಕೆಳಗಿಟ್ಟಳು. ಆ ಗಂಡಹೆಂಡಿರು ಹೋಗುವಾಗ ತಿರುಗಿ ಕೈಮುಗಿದದ್ದು ಕಣ್ಣಿಗೆ ಕಟ್ಟಿತು. "ಕಳಿಸಿದೆ. ನಾನೇ ಕಳಿಸಿದೆ. ಈ ಜಾಗದಲ್ಲಿ ಇರೋಕಾಗುತ್ತಾ ಅಂತ ಕೇಳ್ತಿದೀನಿ ಅಂದ್ಕೊಂಡಿದ್ದೆ. ನಾನು ಕೇಳ್ತಿದ್ದದ್ದು ಇದು ನಮ್ಮನೆ ಹಾಗಿದೆಯಾ ಅಂತ. ಅವರಿಗೆಲ್ಲ ಈಗ ಏನು ಹೇಳ್ಲಿ, ನನಗೆ ಗೊತ್ತಿಲ್ಲ. ಇವರಿಗೆ ಮಾತ್ರ ಹೇಳಬಲ್ಲೆ. ಹೆಪ್ಪಾಯ್ತು."

ಯಜಮಾನರು ಅಜ್ಜಿಯ ಕುಡಿಕೆಯಲ್ಲಿ ಬೆರಳದ್ದಿ ನೆಕ್ಕಿ, ಮುಖ ಕಿವಿಚಿ, "ಇದನ್ನೂ ತಿಂತಾರಾ" ಎಂದು ಗೊಣಗಿ, ಮನೆಗೆ ಒಪ್ಪಿಗೆ ಕೊಟ್ಟರು. ಕಂಬದ ಹಿಂದಿನಿಂದ ಮಗಳು ಓಡಿಬಂದು ತಾಯಿಯನ್ನು ಅಪ್ಪಿಕೊಂಡಳು. ಹೆಪ್ಪಿನವಳು ಅವಳ ತಲೆ ಸವರುತ್ತ, ಇವಳಿಗೆ ಗೊತ್ತೇ ಇಲ್ಲ ನಾನು ಇಡೀ ದಿನ ಏನು ಬೇಡಿಕೊಂಡೆನೆಂದು, ಎಂದುಕೊಂಡಳು. ಹೇಳಿಬಿಡೋಣ ಅನ್ನಿಸಿತು. ಹೇಳಲಿಲ್ಲ.

ಮದುವೆಯಾಯಿತು. ಮಗಳು ಹೋದಳು. ಮನೆ ಖಾಲಿಯಾಯಿತು ಎಂದು ಹೇಳಬೇಕಾಗಿಲ್ಲ. ಹಾಲಿನವನು ಮೂರು ಜನಕ್ಕೆ ಹಾಲು ಕಾಯಿಸಿ, ಆಮೇಲೆ ನೆನಪಾಗಿ ಒಂದು ಲೋಟ ಕರುವಿಗೆ ಕುಡಿಸುತ್ತಿದ್ದ. ಕರು ದುಂಡಗಾಯಿತು.

ಅಕ್ಕಂದಿರು ಮೂರು ಸುತ್ತು ಮುಗಿಸಿದ ಮೇಲೆ ಹೆಪ್ಪಿನವಳು ಇಳಿಜಾರು ಹತ್ತಿ ಹೋದಳು. ಎರಡು ಕಂಬಳಿ ಹೊದ್ದಿದ್ದಳು, ಆದರೂ ಮೂಗು ಸೋರುತ್ತಿತ್ತು. ದಾರಿಯುದ್ದಕ್ಕೂ ಅವಳಿಗೆ ಒಂದೇ ಯೋಚನೆ. ಮಗಳು ಸೊರಗಿರಬಹುದು, ತುಟಿ ಒಡೆದಿರಬಹುದು, ತಾನು ಕಂಡದ್ದು ತಪ್ಪಿರಬಹುದು. ಬಾಗಿಲಲ್ಲಿ ನಿಂತ ಮಗಳು ಬರಿಗಾಲಿನಲ್ಲಿದ್ದಳು. ತೋಳಿಗೆ ಹೊದಿಕೆಯಿಲ್ಲ. ಕೆನ್ನೆ ತುಂಬಿಕೊಂಡಿತ್ತು. ಮಗ್ಗದ ಮುಂದೆ ಅಳಿಯ ಕೂತು ಹಾಡುತ್ತಿದ್ದ, ಅವನ ಮೈಮೇಲೆ ಒಂದು ಬೊಕ್ಕೆಯೂ ಇರಲಿಲ್ಲ. ಅಜ್ಜಿ ಬಿಸಿನೀರು ಕೊಟ್ಟು ಒಳಗೆ ಕರೆದಳು.

ಊಟಕ್ಕೆ ಕೂತರು. ಒಲೆಯ ಪಕ್ಕ ಕೂತರೂ ಹೆಪ್ಪಿನವಳ ಬೆರಳು ಮರಗಟ್ಟಿ ತುತ್ತು ನಿಲ್ಲುತ್ತಿರಲಿಲ್ಲ. ಕೊನೆಗೆ ಮಗಳು ಮೊಸರು ಬಡಿಸಿದಳು. ಅದು ಎಳೆಯೆಳೆಯಾಗಿ ಅನ್ನದ ಮೇಲೆ ಇಳಿಯಿತು. ಮಗಳೇ ಹೆಪ್ಪು ಹಾಕಿದ್ದು. ಹೆಪ್ಪಿನವಳು ಕಲಸಿ ಬಾಯಿಗಿಟ್ಟಳು. ಎಲ್ಲರೂ ಅವಳ ಮುಖವನ್ನೇ ನೋಡುತ್ತಿದ್ದರು.

"ಹ್ಯಾಗಿದೆ ಅಮ್ಮ?"

"ಹೆಪ್ಪು ಚೆನ್ನಾಗಿ ಹಾಕಿದೀಯ." ಅವಳು ನುಂಗಿದಳು. "ನನಗೆ ಸೇರಲಿಲ್ಲ."

ಮಗಳು ನಕ್ಕಳು. ನಗುತ್ತ ತಾಯಿಯ ಕೈ ಮುಟ್ಟಿದವಳು ಥಟ್ಟನೆ ನಗು ನಿಲ್ಲಿಸಿದಳು. ಕೈಯನ್ನು ತನ್ನ ಎರಡು ಅಂಗೈಯ ನಡುವೆ ಹಿಡಿದು, ಉಗುರಿನ ಬಣ್ಣ ನೋಡಿ, ತುಟಿಯ ಬಣ್ಣ ನೋಡಿದಳು. ಹೆಪ್ಪಿನವಳು ತನ್ನ ಜೀವಮಾನದಲ್ಲಿ ಎಷ್ಟೋ ಜನರಿಗೆ ಹೇಳಿದ ಮಾತನ್ನು ಮೊದಲ ಬಾರಿಗೆ ಇನ್ನೊಬ್ಬರ ಬಾಯಲ್ಲಿ ಕೇಳಿದಳು.

"ನಿನಗೆ ಇಲ್ಲಿ ಆಗಲ್ಲ ಅಮ್ಮ. ಇನ್ನು ಕೂರಬೇಡ. ಇವರು ಕೆಳಗಿನವರೆಗೆ ಬಿಟ್ಟು ಬರ್ತಾರೆ, ಏಳು."

"ಆಗಲ್ಲ" ಎಂದು ಹೆಪ್ಪಿನವಳು ಒಪ್ಪಿಕೊಂಡಳು. ಹಲ್ಲು ಕಟಕಟಿಸುತ್ತಿತ್ತು. ಅವಳು ತಟ್ಟೆಯನ್ನು ಮಗಳ ಕಡೆ ಸರಿಸಿದಳು.

"ಊಟ ಮುಗಿಯೋವರೆಗೆ ಆಗುತ್ತೆ. ಇನ್ನೊಂದು ಸೌಟು ಹಾಕು."